ಗೀಸರ್, ಸೋಲಾರ್‌ಗಳಲ್ಲಿ ಕೂರುವ ಸುಣ್ಣ ಮತ್ತು ಮಡ್ಡಿ: ಬೆಂಗಳೂರಿನ ಮನೆಗಳವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಬೋರ್‌ವೆಲ್ ನೀರು ಬಳಸುವ ಮನೆ ಅಂದ ಮೇಲೆ ಗೀಸರ್‌ನಲ್ಲಿ ಸುಣ್ಣ ಕಟ್ಟಿಯೇ ಕಟ್ಟುತ್ತದೆ. ಪೂರ್ತಿ ತಪ್ಪಿಸಲು ಆಗುವುದಿಲ್ಲ, ಹತೋಟಿಯಲ್ಲಿ ಇಡಬಹುದು. ಅದಕ್ಕೆ ದುಬಾರಿ ಸಾಮಾನು ಬೇಕಾಗಿಲ್ಲ. ವರ್ಷಕ್ಕೊಮ್ಮೆ ಒಳಗಿನ ಮಡ್ಡಿ ಹೊರಗೆ ಬಿಡಬೇಕು, ಆನೋಡ್ (ಟ್ಯಾಂಕ್ ಬದಲಿಗೆ ತಾನು ಸವೆಯುವ ಲೋಹದ ಕಡ್ಡಿ) ನೋಡಬೇಕು, ಒತ್ತಡ ಏರಿದಾಗ ನೀರು ಹೊರಗೆ ಬಿಡುವ ಸೇಫ್ಟಿ ವಾಲ್ವ್ ಕಟ್ಟಿಕೊಂಡಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಬಹಳಷ್ಟು ಮನೆಗಳಲ್ಲಿ ಈ ಮೂರೂ ಆಗುವುದಿಲ್ಲ. ಗೀಸರ್ ಹಾಕಿದ ದಿನ ಮುಚ್ಚಿದ ಮುಚ್ಚಳವನ್ನು ಅದು ಸೋರುವ ದಿನದವರೆಗೂ ಯಾರೂ ತೆಗೆಯುವುದಿಲ್ಲ. ಅಕ್ಕಪಕ್ಕದವರು, ನೆಂಟರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಗೀಸರ್ ಒಳಗೆ ಕೂರುವುದು ಸುಣ್ಣವೋ, ಮಣ್ಣೋ, ತುಕ್ಕೋ?

ಸಾಮಾನ್ಯವಾಗಿ ಮೂರೂ ಇರುತ್ತವೆ. ಯಾವುದು ಜಾಸ್ತಿ ಅನ್ನುವುದು ಮನೆಯಿಂದ ಮನೆಗೆ ಬೇರೆ.

ಬಿಳಿ ಬಣ್ಣದ ಗಟ್ಟಿ ಚಕ್ಕೆ ಕಂಡರೆ ಅದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಮಳೆ ನೀರು ಮಣ್ಣಿನೊಳಗೆ ಇಳಿಯುವಾಗ ಕಾರ್ಬನ್ ಡೈಆಕ್ಸೈಡ್ ಸೇರಿ ಸ್ವಲ್ಪ ಆಮ್ಲವಾಗುತ್ತದೆ. ಆ ನೀರು ಕಲ್ಲು ಮಣ್ಣಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಳ್ಳುತ್ತದೆ. ನೀರಿನ ಗಡಸು ಅನ್ನುವುದು ಇದನ್ನೇ. ಕರಗಿರುವಾಗ ಅದು ಬೈಕಾರ್ಬೊನೇಟ್ ರೂಪದಲ್ಲಿ ಇರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಕಾಯಿಸಿದಾಗ ಗ್ಯಾಸ್ ಹಾರಿಹೋಗಿ, ಕರಗದ ಕಾರ್ಬೊನೇಟ್ ಹಿಂದೆ ಉಳಿಯುತ್ತದೆ. ಸಕ್ಕರೆ ಬಿಸಿ ನೀರಿನಲ್ಲಿ ಜಾಸ್ತಿ ಕರಗುತ್ತದೆ ಅಲ್ವಾ? ಈ ಸುಣ್ಣದ ಸ್ವಭಾವ ಅದಕ್ಕೆ ಉಲ್ಟಾ. ಬಿಸಿ ಏರಿದಷ್ಟೂ ಕಡಿಮೆ ಕರಗುತ್ತದೆ. ಹಾಗಾಗಿ ಎಲ್ಲಕ್ಕಿಂತ ಬಿಸಿ ಇರುವ ಜಾಗಕ್ಕೆ, ಅಂದರೆ ನೀರು ಕಾಯಿಸುವ ಕಾಯಿಲ್ ಮೈಗೇ, ಮೊದಲು ಅಂಟುತ್ತದೆ.

ಕೆಂಪಗೆ, ಕೈಗೆ ಮೆತ್ತಗೆ ಹತ್ತುವ ಕೆಸರು ಬಂದರೆ ಅದು ಬೋರ್‌ವೆಲ್ ನೀರಿನ ಕಬ್ಬಿಣದ ಅಂಶ, ಇಲ್ಲವೇ ಸಂಪ್‌ನಿಂದ ಬಂದ ಮಣ್ಣು. ಬಿಳಿ ಲೋಳೆಯಂಥದ್ದು ಬಂದರೆ ಆನೋಡ್ ಸವೆದು ಬಿಟ್ಟ ಪುಡಿ ಇರಬಹುದು. ಹೆದರಬೇಕಾಗಿಲ್ಲ. ಗಟ್ಟಿಯಾದ ತುಕ್ಕಿನ ಪದರ ಪದರವೇ ಉದುರಿದರೆ ಮಾತ್ರ ಟ್ಯಾಂಕ್‌ನ ಒಳಗೋಡೆ ತಿಂದುಹೋಗುತ್ತಿದೆ ಅಂತ ಅರ್ಥ.

ಲೆಕ್ಕ ಹಾಕಿ ನೋಡಿ. ಲೀಟರ್‌ಗೆ 300 ಮಿಲಿಗ್ರಾಂ ಗಡಸು ಇರುವ ನೀರನ್ನು ದಿನಕ್ಕೆ 100 ಲೀಟರ್ ಕಾಯಿಸಿದರೆ, ದಿನಕ್ಕೆ 30 ಗ್ರಾಂ ಗಡಸು ಗೀಸರ್ ಮೂಲಕ ಹಾದುಹೋಗುತ್ತದೆ. ವರ್ಷಕ್ಕೆ ಸುಮಾರು 11 ಕೆಜಿ. ಅದರಲ್ಲಿ ಹತ್ತರಲ್ಲಿ ಒಂದು ಪಾಲು ಒಳಗೆ ಕೂತರೂ ಒಂದು ಕೆಜಿ ದಾಟುತ್ತದೆ.

ನಮಗೆ ಕಾವೇರಿ ನೀರು ಬರುತ್ತದೆ. ನಮಗೂ ಈ ತೊಂದರೆ ಇದೆಯಾ?

ಬರೀ ಕಾವೇರಿ ನೀರಾದರೆ ಬಹಳ ಕಡಿಮೆ. ನದಿ ನೀರು ಬೋರ್‌ವೆಲ್ ನೀರಿಗಿಂತ ಎಷ್ಟೋ ಮೆದು. 1974ರಿಂದ ಕಾವೇರಿ ಬೆಂಗಳೂರಿಗೆ ಬರುತ್ತಿದೆ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಂತ ಹಂತವಾಗಿ ಮೇಲಕ್ಕೆ ಪಂಪ್ ಮಾಡಿ ತರುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾದ ಮೇಲೆ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಸೇರಿತು. ನಗರಕ್ಕೆ ಹೊಸದಾಗಿ ಸೇರಿದ್ದ 110 ಹಳ್ಳಿಗಳ ಕಡೆಗೂ ಪೈಪ್ ಹೋಯಿತು.

ಆದರೆ ನಿಮ್ಮ ಸಂಪ್‌ನಲ್ಲಿ ಇರುವುದು ಬರೀ ಕಾವೇರಿಯಾ? ಅದೇ ಮುಖ್ಯ ಪ್ರಶ್ನೆ. ಎರಡು ದಿನಕ್ಕೊಮ್ಮೆ ಕಾವೇರಿ ಬಿಡುತ್ತಾರೆ, ನಡುವೆ ಬೋರ್ ಹಾಕಿಕೊಳ್ಳುತ್ತೇವೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತೇವೆ. ಎಲ್ಲವೂ ಒಂದೇ ಸಂಪ್‌ಗೆ ಬೀಳುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ಗಳು ಬತ್ತಿದಾಗ ಟ್ಯಾಂಕರ್ ನೀರೇ ಗತಿಯಾಗಿದ್ದ ಬಡಾವಣೆಗಳಲ್ಲಿ ಒಂದೊಂದು ಲೋಡ್ ನೀರಿನ ರುಚಿಯೂ ಬೇರೆ ಬೇರೆ ಇತ್ತು. ಅಂಥ ಬೇಸಿಗೆ ಕಳೆದ ಮೇಲೆ ಗೀಸರ್ ಒಮ್ಮೆ ತೊಳೆಸಿಬಿಡಿ.

ನೀರು ಎಷ್ಟು ಗಡಸು ಅಂತ ಮನೆಯಲ್ಲೇ ತಿಳಿಯುವುದು ಹೇಗೆ?

ಒಂದು ಪಾರದರ್ಶಕ ಬಾಟಲಿಯಲ್ಲಿ ಮೂರನೇ ಒಂದು ಭಾಗ ನೀರು ತುಂಬಿ. ಬಟ್ಟೆ ಒಗೆಯುವ ಬಾರ್ ಸೋಪಿನ ಚೂರು ಹಾಕಿ ಚೆನ್ನಾಗಿ ಕುಲುಕಿ. ಡಿಟರ್ಜೆಂಟ್ ಪುಡಿ ಬೇಡ, ಅದು ಗಡಸು ನೀರಲ್ಲೂ ನೊರೆ ಬರಿಸುತ್ತದೆ. ನೊರೆ ನಿಂತು ಕೆಳಗಿನ ನೀರು ತಿಳಿಯಾಗಿದ್ದರೆ ನೀರು ಮೆದು. ನೊರೆ ಬಾರದೆ, ನೀರು ಹಾಲಿನಂತೆ ಮಂಕಾಗಿ ಮೇಲೆ ಕೆನೆ ಕಟ್ಟಿದರೆ ಗಡಸು.

ಅಂಕಿ ಬೇಕು ಅಂದರೆ ಹನಿ ಹಾಕಿ ಬಣ್ಣ ನೋಡುವ ಗಡಸು ಕಿಟ್ ಸಿಗುತ್ತದೆ. ಬೆಲೆಯೂ ಜಾಸ್ತಿ ಇಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳುವ ಗಡಸಿನ ಮಿತಿ ಲೀಟರ್‌ಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತದೆ. ಗೀಸರ್ ದೃಷ್ಟಿಯಿಂದ 200 ದಾಟಿದರೆ ವರ್ಷಕ್ಕೊಮ್ಮೆ ತೊಳೆಯಬೇಕು, 400 ದಾಟಿದರೆ ಆರು ತಿಂಗಳಿಗೊಮ್ಮೆ. ಇದು ನಾನು ಪಾಲಿಸುವ ಲೆಕ್ಕ.

ಫಿಲ್ಟರ್ ಮಾರಲು ಬಂದವರು ಟಿಡಿಎಸ್ ಮೀಟರ್ ಅದ್ದಿ ಅಂಕಿ ತೋರಿಸುತ್ತಾರೆ. ಅದು ಗಡಸಿನ ಅಂಕಿ ಅಲ್ಲ. ಕರಗಿರುವ ಎಲ್ಲ ಲವಣಗಳ ಅಂದಾಜು ಅಷ್ಟೇ. ಮಾಮೂಲಿ ಉಪ್ಪಿನಿಂದಲೂ ಟಿಡಿಎಸ್ ಏರುತ್ತದೆ, ಆದರೆ ಅದು ಗೀಸರ್‌ನಲ್ಲಿ ಸುಣ್ಣ ಕಟ್ಟುವುದಿಲ್ಲ.

ಒಳಗೆ ಸುಣ್ಣ ಕಟ್ಟಿದೆ ಅಂತ ಹೊರಗಿನಿಂದ ಗೊತ್ತಾಗುವುದು ಹೇಗೆ?

ಮೊದಲು ಕಿವಿಗೆ ಗೊತ್ತಾಗುತ್ತದೆ. ಗೀಸರ್ ಆನ್ ಮಾಡಿದ ಐದು ಹತ್ತು ನಿಮಿಷಕ್ಕೆ ಒಳಗೆ ಗುಡುಗುಡು, ಟಪಟಪ ಅಂತ ಸದ್ದು. ಕಾಯಿಲ್ ಮೇಲಿನ ಸುಣ್ಣದ ಪದರದ ಅಡಿಯಲ್ಲಿ ಸಿಕ್ಕ ನೀರು ಅಲ್ಲೇ ಕುದಿದು ಆವಿಯಾಗಿ ಒಡೆದುಕೊಂಡು ಬರುವ ಸದ್ದು ಅದು.

ಇನ್ನೊಂದು ಗುರುತು, ಬಿಸಿ ನೀರು ಮೊದಲಿಗಿಂತ ಬೇಗ ಮುಗಿಯುವುದು. 25 ಲೀಟರ್ ಗೀಸರ್‌ನಲ್ಲಿ ಮಡ್ಡಿ ಜಾಗ ಹಿಡಿದರೆ ನೀರಿಗೆ ಅಷ್ಟು ಜಾಗ ಕಡಿಮೆ. ಶವರ್ ರಂಧ್ರಗಳಲ್ಲಿ, ನಲ್ಲಿ ಬಾಯಿಯ ಜಾಲರಿಯಲ್ಲಿ ಬಿಳಿ ಚೂರು ಸಿಕ್ಕಿಕೊಳ್ಳುತ್ತವೆ. ತಣ್ಣೀರು ಜೋರಾಗಿ ಬಂದು ಬಿಸಿ ನೀರು ಮಾತ್ರ ಸಣ್ಣಗೆ ಬಂದರೆ ಗೀಸರ್ ಬಾಯಿಯಲ್ಲೇ ಕಟ್ಟಿಕೊಂಡಿದೆ ಅಂತ ತಿಳಿಯಿರಿ.

ಗೀಸರ್ ಹಾಕಿದ ತಕ್ಷಣ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನಾಗಿ ಆರುವ ಸ್ವಿಚ್) ಬೀಳುತ್ತಿದ್ದರೆ ಕಾಯಿಲ್‌ನ ಹೊರಕವಚ ಬಿರುಕು ಬಿಟ್ಟು ಕರೆಂಟ್ ನೀರಿಗೆ ಸೋರುತ್ತಿರಬಹುದು. ಅದನ್ನು ಬೈಪಾಸ್ ಮಾಡಿಸಬೇಡಿ. ಎಲೆಕ್ಟ್ರಿಷಿಯನ್ ‘ಸುಮ್ನೆ ಬೀಳ್ತಿದೆ ಸಾರ್, ತೆಗೆದುಬಿಡೋಣ’ ಅಂದರೂ ಒಪ್ಪಬೇಡಿ. ಒದ್ದೆ ಮೈಯಲ್ಲಿ ನಿಂತಿರುವವರ ಪ್ರಾಣ ಕಾಯುವುದೇ ಅದು.

ಸುಣ್ಣ ಕಟ್ಟಿದರೆ ಕರೆಂಟ್ ಬಿಲ್ ಎರಡು ಪಟ್ಟು ಆಗುತ್ತದಂತೆ, ನಿಜವಾ?

ಕರೆಂಟ್ ಗೀಸರ್ ವಿಷಯದಲ್ಲಿ ಇದು ಉತ್ಪ್ರೇಕ್ಷೆ. ಕಾಯಿಲ್ ನೀರಿನೊಳಗೇ ಮುಳುಗಿರುತ್ತದೆ. ಅದರ ಶಾಖ ಸುಣ್ಣ ದಾಟಿಯಾದರೂ ಕೊನೆಗೆ ನೀರಿಗೇ ಸೇರಬೇಕು, ಬೇರೆ ದಾರಿ ಇಲ್ಲ. 2 ಕಿಲೋವ್ಯಾಟ್ ಕಾಯಿಲ್ 25 ಲೀಟರ್ ನೀರನ್ನು 22 ಡಿಗ್ರಿಯಿಂದ 60ಕ್ಕೆ ತರಲು ಸುಮಾರು 33 ನಿಮಿಷ, ಒಂದು ಯೂನಿಟ್‌ಗಿಂತ ತುಸು ಜಾಸ್ತಿ ಕರೆಂಟ್ ಬೇಕು. ಸುಣ್ಣ ಇದ್ದರೂ ಈ ಲೆಕ್ಕ ಹೆಚ್ಚು ಬದಲಾಗುವುದಿಲ್ಲ.

ಕೆಡುವುದು ಕಾಯಿಲ್. ಶಾಖ ಸಲೀಸಾಗಿ ಹೊರಗೆ ಹೋಗದೆ ಅದರ ಮೈ ವಿಪರೀತ ಕಾದು ಸುಟ್ಟುಹೋಗುತ್ತದೆ. ನೀರು ಸಾಕಷ್ಟು ಕಾದಾಗ ಕರೆಂಟ್ ಆರಿಸುವ ಥರ್ಮೋಸ್ಟಾಟ್‌ನ ಕೊಳವೆ ಮೇಲೆ ಸುಣ್ಣ ಕೂತರೆ ಅದಕ್ಕೆ ನೀರಿನ ನಿಜವಾದ ಬಿಸಿ ತಡವಾಗಿ ತಿಳಿಯುತ್ತದೆ. ಗ್ಯಾಸ್ ಗೀಸರ್ ಮತ್ತು ಸೋಲಾರ್‌ನಲ್ಲಿ ಮಾತ್ರ ನಷ್ಟ ನಿಜ. ಅಲ್ಲಿ ನೀರಿಗೆ ಸೇರದ ಶಾಖ ಗಾಳಿಗೆ ಹೋಗಿಬಿಡುತ್ತದೆ.

ಗೀಸರ್‌ನ ವಾಲ್ವ್‌ನಿಂದ ನೀರು ತೊಟ್ಟಿಕ್ಕುತ್ತದೆ. ಮುಚ್ಚಿಸಿಬಿಡಲಾ?

ದಯವಿಟ್ಟು ಬೇಡ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ನೀರು ಕಾದಾಗ ಹಿಗ್ಗುತ್ತದೆ. 25 ಲೀಟರ್ ನೀರು 25 ಡಿಗ್ರಿಯಿಂದ 65ಕ್ಕೆ ಏರಿದರೆ ಸುಮಾರು 400 ಮಿಲಿ ಜಾಸ್ತಿಯಾಗುತ್ತದೆ. ಆ 400 ಮಿಲಿ ಎಲ್ಲಿಗಾದರೂ ಹೋಗಬೇಕು. ತಣ್ಣೀರು ಒಳಬರುವ ಕಡೆ ಇರುವ ಸೇಫ್ಟಿ ವಾಲ್ವ್‌ನಲ್ಲಿ ನೀರು ಹಿಂದಕ್ಕೆ ಹೋಗದ ಹಾಗೆ ತಡೆ ಇರುತ್ತದೆ. ಹಾಗಾಗಿ ನಲ್ಲಿ ಮುಚ್ಚಿದ್ದಾಗ ಒತ್ತಡ ಏರುತ್ತದೆ, ವಾಲ್ವ್ ಸ್ವಲ್ಪ ನೀರು ಹೊರಗೆ ಬಿಡುತ್ತದೆ. ಕಾಯುತ್ತಿರುವಾಗ ತೊಟ್ಟಿಕ್ಕಿ ಆಮೇಲೆ ನಿಂತರೆ ವಾಲ್ವ್ ಸರಿಯಾಗಿ ಕೆಲಸ ಮಾಡುತ್ತಿದೆ ಅಂತಲೇ ಅರ್ಥ.

ಬಚ್ಚಲು ಒದ್ದೆಯಾಗುತ್ತದೆ ಅಂತ ಅದರ ಬಾಯಿಗೆ ಕ್ಯಾಪ್ ತಿರುಗಿಸಿರುವ ಮನೆಗಳನ್ನು ನೋಡಿದ್ದೇನೆ. ಥರ್ಮೋಸ್ಟಾಟ್ ಕೈಕೊಟ್ಟ ದಿನ ಒಳಗಿನ ಆವಿಗೆ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಗೀಸರ್ ಸಿಡಿಯುವುದು ಹೀಗೆ. ಸುಣ್ಣ ಅದೇ ಕೆಲಸವನ್ನು ನಿಧಾನವಾಗಿ, ಯಾರಿಗೂ ತಿಳಿಯದ ಹಾಗೆ ಮಾಡುತ್ತದೆ. ಸ್ಪ್ರಿಂಗ್ ಸುತ್ತ ಬಿಳಿ ಪದರ ಕೂತು ವಾಲ್ವ್ ಅಲ್ಲಾಡದ ಹಾಗಾಗುತ್ತದೆ. ನನ್ನ ಮಟ್ಟಿಗೆ ಕಾಯಿಲ್ ಸುಡುವುದು ಸಣ್ಣ ನಷ್ಟ. ವಾಲ್ವ್ ಕಟ್ಟಿಕೊಳ್ಳುವುದೇ ಸುಣ್ಣದಿಂದ ಬರುವ ನಿಜವಾದ ಅಪಾಯ.

ತಿಂಗಳಿಗೊಮ್ಮೆ, ನೀರು ತಣ್ಣಗಿರುವಾಗ, ವಾಲ್ವ್‌ನ ಸಣ್ಣ ಹಿಡಿ ಎತ್ತಿ ನೋಡಿ. ನೀರು ಚಿಮ್ಮಿ, ಬಿಟ್ಟಾಗ ನಿಂತರೆ ಸರಿ. ಹಿಡಿ ಏಳದಿದ್ದರೆ, ನೀರು ಬಾರದಿದ್ದರೆ ಅಥವಾ ಇಡೀ ದಿನ ಸೋರುತ್ತಲೇ ಇದ್ದರೆ ವಾಲ್ವ್ ಬದಲಿಸಿ. ಹೊಸದರ ಮೇಲೆ 8 ಬಾರ್ ಅಂತಿರಬಹುದು, ಬೇರೆಯೂ ಇರಬಹುದು. ನಿಮ್ಮ ಗೀಸರ್ ಮೇಲಿನ ಅಂಕಿಗೆ ಹೊಂದುವುದನ್ನೇ ತನ್ನಿ. ತೊಟ್ಟಿಕ್ಕುವ ನೀರು ತೊಂದರೆ ಅನಿಸಿದರೆ ಒಂದು ಸಣ್ಣ ಟ್ಯೂಬ್ ಸಿಕ್ಕಿಸಿ ಬಚ್ಚಲ ಮೋರಿಗೆ ಬಿಡಿ. ಟ್ಯೂಬ್‌ನ ತುದಿ ತೆರೆದೇ ಇರಬೇಕು.

ಮಡ್ಡಿಯನ್ನು ನಾವೇ ಹೊರಗೆ ಬಿಡಬಹುದಾ?

ಬಿಡಬಹುದು. ಕಾಯಿಲ್ ಬಿಚ್ಚುವುದು ಗೊತ್ತಿರುವವರ ಕೆಲಸ, ನೀರು ಖಾಲಿ ಮಾಡಿ ತೊಳೆಯುವುದು ಯಾರಾದರೂ ಮಾಡಬಹುದಾದ ಕೆಲಸ. ವಾರಂಟಿ ಇದ್ದರೆ ಮಾತ್ರ ಕಂಪನಿಯವರನ್ನೇ ಕರೆಸಿ.

ಮೊದಲು ಕರೆಂಟ್ ಬೋರ್ಡ್‌ನಲ್ಲಿರುವ ಗೀಸರ್‌ನ ಎಂಸಿಬಿ ಕೆಳಗೆ ಹಾಕಿ. ಬರೀ ಸ್ವಿಚ್ ಆರಿಸಿದರೆ ಸಾಲದು. ನೀರು ಪೂರ್ತಿ ತಣ್ಣಗಾಗಲಿ. ರಾತ್ರಿ ಆರಿಸಿ ಬೆಳಗ್ಗೆ ಮಾಡುವುದು ಒಳ್ಳೆಯದು. ಗೀಸರ್‌ಗೆ ಹೋಗುವ ತಣ್ಣೀರಿನ ಆಂಗಲ್ ಕಾಕ್ ಮುಚ್ಚಿ. ಬಿಸಿ ನೀರಿನ ನಲ್ಲಿ ತೆರೆದಿಡಿ, ಅಲ್ಲಿಂದ ಗಾಳಿ ಒಳಗೆ ಹೋಗಬೇಕು. ಕೆಳಗೆ ಬಕೆಟ್ ಇಟ್ಟು ತಣ್ಣೀರು ಒಳಬರುವ ಕಡೆಯ ಪೈಪ್ ಬಿಚ್ಚಿ. ಸಾಮಾನ್ಯವಾಗಿ ಆ ಕಡೆ ನೀಲಿ ಗುರುತು ಇರುತ್ತದೆ. ವಾಲ್ವ್ ಅಲ್ಲೇ ಕೂತಿದ್ದರೆ ಅದನ್ನೂ ಬಿಚ್ಚಬೇಕು, ಇಲ್ಲದಿದ್ದರೆ ಒಳಗಿನ ತಡೆ ನೀರು ಬಿಡುವುದಿಲ್ಲ. ಕೆಂಪು ಗುರುತಿನ ಕಡೆಯಿಂದ ಖಾಲಿಯಾಗುವುದಿಲ್ಲ. ಮಾಮೂಲಿ ನಿಲುವು ಗೀಸರ್‌ಗಳಲ್ಲಿ ಆ ಕೊಳವೆ ಒಳಗೆ ಟ್ಯಾಂಕ್‌ನ ಮೇಲ್ಭಾಗದವರೆಗೂ ಹೋಗಿರುತ್ತದೆ.

ಮೊದಲ ಬಕೆಟ್ ನೀರು ತಿಳಿಯಾಗಿ ಬಂದರೆ ಮಡ್ಡಿ ಇಲ್ಲ ಅಂತ ತೀರ್ಮಾನ ಮಾಡಬೇಡಿ. ಅದು ತಳದಲ್ಲಿ ಒತ್ತಿಕೊಂಡು ಕೂತಿರುತ್ತದೆ. ನಾಗರಭಾವಿಯ ಒಂದು ಮನೆಯಲ್ಲಿ ಹೀಗೇ ಆಯಿತು. ಮೊದಲು ಬರೀ ನೀರು ಬಂತು. ಪೈಪ್ ಮತ್ತೆ ಸೇರಿಸಿ, ಅರ್ಧ ತುಂಬಿಸಿ, ಪುನಃ ಬಿಚ್ಚಿದಾಗ ಗಂಜಿಯಷ್ಟು ದಪ್ಪದ ಬಿಳಿ ನೀರು ಇಳಿಯಿತು. ಮೂರನೇ ಸಲಕ್ಕೆ ಹುರಿಗಡಲೆ ಗಾತ್ರದ ಚೂರುಗಳು ಬಕೆಟ್ ತಳಕ್ಕೆ ಟಣಟಣ ಬಿದ್ದವು. ನಡುವೆ ಒಂದು ದೊಡ್ಡ ಚಕ್ಕೆ ಬಾಯಿಗೆ ಅಡ್ಡ ಸಿಕ್ಕಿಕೊಂಡು ನೀರು ನಿಂತೇ ಹೋಯಿತು. ತಂತಿಯಲ್ಲಿ ಮೆಲ್ಲಗೆ ಕೆದಕಿದ ಮೇಲೆ ಬಿಟ್ಟುಕೊಂಡಿತು. ಹಾಗಾಗಿ ನೀರು ತಿಳಿಯಾಗುವವರೆಗೆ ತುಂಬಿಸಿ ಬಿಡುತ್ತಲೇ ಇರಿ.

ಎಲ್ಲ ಜೋಡಿಸಿದ ಮೇಲೆ ಬಿಸಿ ನೀರಿನ ನಲ್ಲಿಯಿಂದ ಗಾಳಿ ಹೋಗಿ ಧಾರೆ ಒಂದೇ ಸಮ ಬರುವವರೆಗೂ ಸ್ವಿಚ್ ಹಾಕಬೇಡಿ. ನೀರಿಲ್ಲದೆ ಕಾಯಿಲ್ ಉರಿದರೆ ಕೆಲವೇ ನಿಮಿಷಗಳಲ್ಲಿ ಹಾಳಾಗುತ್ತದೆ.

ಆನೋಡ್ ಅಂದರೆ ಏನು? ಎಷ್ಟು ವರ್ಷಕ್ಕೆ ಬದಲಿಸಬೇಕು?

ಟ್ಯಾಂಕ್ ಒಳಗೆ ಇಳಿಬಿಟ್ಟಿರುವ ಮೆಗ್ನೀಸಿಯಂ ಕಡ್ಡಿ. ಉಕ್ಕಿಗಿಂತ ಬೇಗ ಸವೆಯುವ ಲೋಹ ಅದು. ನೀರು ಮೊದಲು ಅದನ್ನು ತಿನ್ನುತ್ತದೆ, ಟ್ಯಾಂಕ್‌ನ ಗೋಡೆ ಉಳಿಯುತ್ತದೆ. ಕಡ್ಡಿ ಪೂರ್ತಿ ಕರಗಿದ ಮೇಲೆ ಸರದಿ ಟ್ಯಾಂಕ್‌ನದು.

ಲವಣ ಜಾಸ್ತಿ ಇರುವ ಬೋರ್‌ವೆಲ್ ನೀರಿನಲ್ಲಿ ಅದು ಬೇಗ ಸವೆಯುತ್ತದೆ. ವರ್ಷಕ್ಕೊಮ್ಮೆ ಕಾಯಿಲ್ ಬಿಚ್ಚಿದಾಗ ನೋಡಿಸಿ. ಅರ್ಧಕ್ಕಿಂತ ಸಣ್ಣಗಾಗಿದ್ದರೆ ಅಥವಾ ನಡುವಿನ ತಂತಿ ಕಾಣುತ್ತಿದ್ದರೆ ಬದಲಿಸಿ. ಹೊಸ ಗೀಸರ್ ಬೆಲೆಯ ಮುಂದೆ ಆನೋಡ್ ಬೆಲೆ ಏನೇನೂ ಅಲ್ಲ. ಜೊತೆಗೆ ರಬ್ಬರ್ ಗ್ಯಾಸ್ಕೆಟ್ ಹೊಸದು ಹಾಕಿಸಿ, ಹಳೆಯದು ಮತ್ತೆ ಸರಿಯಾಗಿ ಕೂರುವುದಿಲ್ಲ.

ಬಿಸಿ ನೀರು ಮಾತ್ರ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆಯಾ? ನೀರಿನಲ್ಲಿರುವ ಸಲ್ಫೇಟ್ ಮೇಲೆ ಬದುಕುವ ಬ್ಯಾಕ್ಟೀರಿಯಾ ಮತ್ತು ಮೆಗ್ನೀಸಿಯಂ ಆನೋಡ್ ಸೇರಿದಾಗ ಹೀಗಾಗುತ್ತದೆ. ಟ್ಯಾಂಕ್ ತೊಳೆದು, ಒಮ್ಮೆ 60 ಡಿಗ್ರಿ ಮೇಲೆ ಕಾಯಿಸಿ ಬಿಟ್ಟರೆ ಕಡಿಮೆಯಾಗುತ್ತದೆ. ಆದರೂ ಹೋಗದಿದ್ದರೆ ಅಲ್ಯೂಮಿನಿಯಂ ಆನೋಡ್ ಸಿಗುತ್ತದಾ ಕೇಳಿ.

ಪ್ಲಂಬರ್ ಆಸಿಡ್ ಹಾಕಿ ತೊಳೆಯುತ್ತೇನೆ ಅನ್ನುತ್ತಾನೆ. ಹಾಕಿಸಲಾ?

ಯಾವ ಆಸಿಡ್ ಅಂತ ಕೇಳಿ. ಟಾಯ್ಲೆಟ್ ತೊಳೆಯಲು ಕ್ಯಾನ್‌ನಲ್ಲಿ ತರುವ ಆಸಿಡ್ ಆದರೆ ಅದು ಹೆಚ್ಚಾಗಿ ಹೈಡ್ರೋಕ್ಲೋರಿಕ್ ಆಸಿಡ್. ಸುಣ್ಣವನ್ನು ಕ್ಷಣದಲ್ಲಿ ಕರಗಿಸುತ್ತದೆ, ನೋಡಲು ಪವಾಡದಂತೆ ಕಾಣುತ್ತದೆ. ಆದರೆ ಅದರ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಸೂಜಿಮೊನೆಯಂಥ ತೂತು ಕೊರೆಯುತ್ತದೆ. ಗಾಜಿನ ಲೇಪದ ಟ್ಯಾಂಕ್‌ನಲ್ಲಿ ಲೇಪ ಬಿಟ್ಟ ಕಡೆಯ ಕಬ್ಬಿಣವನ್ನು ತಿನ್ನುತ್ತದೆ. ಆನೋಡ್ ಅನ್ನು ಕುದಿಸಿ ಕರಗಿಸಿ ಹೈಡ್ರೋಜನ್ ಗ್ಯಾಸ್ ಬಿಡಿಸುತ್ತದೆ. ಸಣ್ಣ ಬಚ್ಚಲಲ್ಲಿ ಅದರ ಹೊಗೆ ಕುಡಿದರೆ ಎದೆ ಉರಿಯುತ್ತದೆ. ಇದರ ಜೊತೆಗೆ ಬ್ಲೀಚಿಂಗ್ ಪುಡಿ ಸೇರಿದರಂತೂ ವಿಷಕಾರಿ ಕ್ಲೋರಿನ್ ಗ್ಯಾಸ್ ಏಳುತ್ತದೆ. ಬಚ್ಚಲ ಮೋರಿಗೆ ಬೆಳಗ್ಗೆಯಷ್ಟೇ ಬ್ಲೀಚಿಂಗ್ ಹಾಕಿದ್ದರೂ ಅದು ಸಾಕು.

ಖಡಾಖಂಡಿತವಾಗಿ ಬೇಡ ಅನ್ನಿ.

ಹಾಗಾದರೆ ಸುಣ್ಣ ಬಿಡಿಸಲು ಏನು ಹಾಕಬೇಕು?

ಸಿಟ್ರಿಕ್ ಆಸಿಡ್. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂದರೂ ಕೊಡುತ್ತಾರೆ. ಬಿಚ್ಚಿದ ಕಾಯಿಲ್‌ನ ಸುಣ್ಣದ ಭಾಗವನ್ನು ಪ್ಲಾಸ್ಟಿಕ್ ಬಕೆಟ್‌ನಲ್ಲಿ ನೆನೆಹಾಕಿ. ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ಸಾಕು. ವೈರ್ ಸೇರುವ ತುದಿಗೆ ನೀರು ತಾಗಬಾರದು. ಗುಳ್ಳೆ ಏಳುವುದು ನಿಲ್ಲುವವರೆಗೂ ಬಿಡಿ. ಆಮೇಲೆ ಹಳೆಯ ಟೂತ್‌ಬ್ರಶ್‌ನಲ್ಲಿ ಉಜ್ಜಿ. ಚಾಕು, ಸ್ಕ್ರೂಡ್ರೈವರ್‌ನಲ್ಲಿ ಕೆರೆಯಬೇಡಿ, ಕವಚಕ್ಕೆ ಗಾಯವಾಗುತ್ತದೆ. ಕುದಿಯುವ ನೀರಿನಲ್ಲಿ ಕಲಸುವುದೂ ಬೇಡ. ಬಿಸಿ ಜಾಸ್ತಿಯಾದರೆ ಕ್ಯಾಲ್ಸಿಯಂ ಸಿಟ್ರೇಟ್ ಅನ್ನುವ ಇನ್ನೊಂದು ಬಿಳಿ ಪುಡಿ ಕೂರುತ್ತದೆ. ಬಿಳಿ ವಿನೆಗರ್ ಕೂಡ ನಡೆಯುತ್ತದೆ, ಆದರೆ ನಿಧಾನ.

ಶವರ್ ತಲೆ, ನಲ್ಲಿ ಜಾಲರಿಗೂ ಇದೇ ಔಷಧಿ. ತಾಮ್ರದ ಹಂಡೆಯನ್ನು ಅಜ್ಜಿ ಹುಣಸೆಹಣ್ಣಲ್ಲಿ ತಿಕ್ಕುತ್ತಿದ್ದದ್ದೂ ಆಮ್ಲದ ಕೆಲಸವೇ. ಕೆಂಪು ಕೆಸರಿಗೆ ಮಾತ್ರ ಈ ಹುಳಿ ಬೇಕಾಗಿಲ್ಲ, ನೀರು ಬಿಟ್ಟು ತೊಳೆದರೆ ಹೋಗುತ್ತದೆ. ಕಾಯಿಲ್, ಟ್ಯಾಂಕ್ ಎರಡನ್ನೂ ಕೊನೆಯಲ್ಲಿ ಸಾಕಷ್ಟು ನೀರಿನಲ್ಲಿ ತೊಳೆಯಿರಿ. ಆಮ್ಲ ಹಾಕಿ ಟ್ಯಾಂಕ್ ಅನ್ನು ಮುಚ್ಚಿಡುವುದು ಬೇಡವೇ ಬೇಡ. ಏಳುವ ಗ್ಯಾಸ್ ಹೊರಗೆ ಹೋಗಬೇಕು.

ಥರ್ಮೋಸ್ಟಾಟ್ ಎಷ್ಟರಲ್ಲಿ ಇಡಬೇಕು?

ಗಡಸು ನೀರಾದರೆ 50ರಿಂದ 55 ಡಿಗ್ರಿ. 60 ದಾಟಿದ ಮೇಲೆ ಸುಣ್ಣ ಕೂರುವ ವೇಗ ತುಂಬಾ ಏರುತ್ತದೆ. 70ರಲ್ಲಿ ಕಾಯಿಸಿ ಎರಡು ಪಾಲು ತಣ್ಣೀರು ಬೆರೆಸುವುದರಿಂದ ಲಾಭವೇನೂ ಇಲ್ಲ. ಆದರೆ ಬೆಚ್ಚಗಿನ ನೀರು ದಿನಗಟ್ಟಲೆ ನಿಂತರೆ ಲೀಜನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯಬಹುದು. ಹಾಗಾಗಿ ವಾರಕ್ಕೊಮ್ಮೆ, ಮತ್ತೆ ಊರಿಗೆ ಹೋಗಿ ಬಂದ ಮೇಲೆ, ಒಮ್ಮೆ 60 ದಾಟುವಷ್ಟು ಕಾಯಿಸಿ. ವಯಸ್ಸಾದವರು, ಕಾಯಿಲೆಯವರು ಇರುವ ಮನೆಯಲ್ಲಿ ಇದನ್ನು ತಪ್ಪಿಸಬೇಡಿ. ಆ ದಿನ ಮಕ್ಕಳು ನಲ್ಲಿ ಮುಟ್ಟದ ಹಾಗೆ ನೋಡಿಕೊಳ್ಳಿ.

ಸಾಫ್ಟ್‌ನರ್, ಮ್ಯಾಗ್ನೆಟ್, ಫಾಸ್ಫೇಟ್ ಫಿಲ್ಟರ್: ಯಾವುದು ಕೆಲಸ ಮಾಡುತ್ತದೆ?

ನಿಜವಾಗಿ ಗಡಸು ತೆಗೆಯುವುದು ರೆಸಿನ್ ಅನ್ನುವ ಸಣ್ಣ ಮಣಿಗಳಿರುವ ಸಾಫ್ಟ್‌ನರ್. ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ರೆಸಿನ್ ತುಂಬಿದ ಮೇಲೆ ಉಪ್ಪು ನೀರಿನಲ್ಲಿ ತೊಳೆಯಬೇಕು. ಆ ಉಪ್ಪು ನೀರನ್ನು ಗಿಡಕ್ಕೂ ಮಳೆನೀರಿನ ಇಂಗುಗುಂಡಿಗೂ ಬಿಡಬೇಡಿ. ನೀರಿನಲ್ಲಿ ಕಬ್ಬಿಣ ಇದ್ದರೆ ಮೊದಲು ಅದಕ್ಕೆ ಬೇರೆ ಫಿಲ್ಟರ್ ಬೇಕು, ಇಲ್ಲದಿದ್ದರೆ ರೆಸಿನ್ ಕೆಡುತ್ತದೆ. ಕಮೋಡ್‌ಗೆ, ಗಾಡಿ ತೊಳೆಯಲು ಸಾಫ್ಟ್ ನೀರು ದಂಡ.

ಪೈಪ್‌ಗೆ ಕಟ್ಟುವ ಮ್ಯಾಗ್ನೆಟ್ ನಂಬಿ ದುಡ್ಡು ಹಾಕಬೇಡಿ. ಅದು ಗಡಸನ್ನು ತೆಗೆಯುವುದಿಲ್ಲ, ಪರೀಕ್ಷೆಗಳಲ್ಲಿ ಒಂದೇ ಥರದ ಫಲಿತಾಂಶವೂ ಬಂದಿಲ್ಲ. ಪಾಲಿಫಾಸ್ಫೇಟ್ ಹರಳಿನ ಫಿಲ್ಟರ್ ಸುಣ್ಣ ಗಟ್ಟಿಯಾಗಿ ಅಂಟದಂತೆ ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಬಿಸಿ ಜಾಸ್ತಿಯಾದರೆ ಅದರ ಶಕ್ತಿ ಕುಗ್ಗುತ್ತದೆ. ಹರಳು ಮುಗಿದಂತೆ ಮತ್ತೆ ತುಂಬಿಸಬೇಕು.

ಸೋಲಾರ್‌ನಲ್ಲಿ ಬಿಸಿಲಿದ್ದರೂ ನೀರು ಕಾಯುತ್ತಿಲ್ಲ. ಸುಣ್ಣವೇ ಕಾರಣವಾ?

ನಿಮ್ಮದು ಯಾವ ಥರದ್ದು ಅನ್ನುವುದರ ಮೇಲಿದೆ. ಗಾಜಿನ ಹಲಗೆಯ ಅಡಿಯಲ್ಲಿ ತಾಮ್ರದ ಕೊಳವೆಗಳಿರುವ ಫ್ಲಾಟ್ ಪ್ಲೇಟ್ ಆದರೆ ಅನುಮಾನ ಮೊದಲು ಸುಣ್ಣದ ಮೇಲೆ. ಆ ಕೊಳವೆಗಳು ಅರ್ಧ ಇಂಚಿನಷ್ಟೇ ಅಗಲ. ಪಂಪ್ ಇಲ್ಲ, ಬಿಸಿ ನೀರು ಹಗುರಾಗಿ ತಾನಾಗಿ ಮೇಲೇರಬೇಕು. ಒಳಗೆ ಸ್ವಲ್ಪ ಸುಣ್ಣ ಕೂತರೂ ಆ ಮೆಲ್ಲನೆಯ ಓಟ ನಿಂತೇ ಹೋಗುತ್ತದೆ. ಪ್ಯಾನೆಲ್ ಮುಟ್ಟಲಾಗದಷ್ಟು ಕಾದು ಟ್ಯಾಂಕ್ ನೀರು ಉಗುರುಬೆಚ್ಚಗೆ ಇದ್ದರೆ ಇದೇ. ಇದಕ್ಕೆ ತೆಳು ಆಮ್ಲವನ್ನು ಸಣ್ಣ ಪಂಪ್‌ನಲ್ಲಿ ಸುತ್ತಿಸಿ ತೊಳೆಯಬೇಕು. ತಾರಸಿಯ ಕೆಲಸ, ಅನುಭವ ಇರುವವರಿಗೇ ಕೊಡಿ.

ಉದ್ದನೆಯ ಗಾಜಿನ ಟ್ಯೂಬ್‌ಗಳದ್ದಾದರೆ ಗಡಸು ನೀರನ್ನು ಇದಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಬೋರ್‌ವೆಲ್ ಮನೆಗೆ ಹೊಸದಾಗಿ ಸೋಲಾರ್ ಹಾಕಿಸುವುದಾದರೆ ಇದನ್ನೇ ತೆಗೆದುಕೊಳ್ಳಿ. ಇಲ್ಲವೇ ಹೀಟ್ ಎಕ್ಸ್‌ಚೇಂಜರ್ ಇರುವ ಫ್ಲಾಟ್ ಪ್ಲೇಟ್. ಅದರಲ್ಲಿ ಬೇರೆ ನೀರು ಪ್ಯಾನೆಲ್‌ನೊಳಗೆ ಸುತ್ತುತ್ತಿರುತ್ತದೆ, ನಿಮ್ಮ ಬೋರ್ ನೀರು ಅಲ್ಲಿಗೆ ಹೋಗುವುದಿಲ್ಲ. ಗಾಜಿನ ಟ್ಯೂಬ್‌ನದ್ದಾದರೆ ಟ್ಯೂಬ್‌ನ ತಳದಲ್ಲಿ ಮಡ್ಡಿ ಕೂರುತ್ತದೆ, ಎರಡು ವರ್ಷಕ್ಕೊಮ್ಮೆಯಾದರೂ ಬಿಚ್ಚಿ ತೊಳೆಯಬೇಕು.

ಟ್ಯೂಬ್ ಬಿಚ್ಚುವುದಾದರೆ ಬೆಳಕು ಹರಿಯುವ ಹೊತ್ತಿಗೇ ಶುರು ಮಾಡಿ. ಬಿಸಿಲು ಏರಿದ ಮೇಲೆ ಖಾಲಿ ಟ್ಯೂಬ್ ವಿಪರೀತ ಕಾಯುತ್ತದೆ, ಅದಕ್ಕೆ ತಣ್ಣೀರು ಬಿದ್ದರೆ ಗಾಜು ಒಡೆಯುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನ ಓವರ್‌ಹೆಡ್ ಟ್ಯಾಂಕ್ ಖಾಲಿಯಾಗಿ, ಮೋಟರ್ ಹಾಕಿದ ಕೂಡಲೇ ಟ್ಯೂಬ್ ಒಡೆಯುವುದೂ ಇದೇ ಕಾರಣಕ್ಕೆ. ಟ್ಯಾಂಕ್ ಮೇಲೆ ನಿಂತಿರುವ ಏರ್ ವೆಂಟ್ ಪೈಪ್‌ನಲ್ಲಿ ಸುಣ್ಣ ಕಟ್ಟಿಲ್ಲ ಅಂತಲೂ ನೋಡಿ. ಅದು ಮುಚ್ಚಿದರೆ ಟ್ಯಾಂಕ್ ಉಬ್ಬುತ್ತದೆ, ಇಲ್ಲವೇ ಒಳಕ್ಕೆ ಕುಗ್ಗುತ್ತದೆ.

ಇದೆಲ್ಲ ನೋಡುವ ಮೊದಲು ಗಾಜಿನ ಮೇಲಿನ ಧೂಳು ಒರೆಸಿ. ಪಕ್ಕದಲ್ಲಿ ಕಟ್ಟಡ ಏಳುತ್ತಿದ್ದರೆ ಅದೇ ಕಾರಣ ಇರಬಹುದು. ಆಷಾಢದ ಮೋಡದಲ್ಲಿ ಕಾಯದಿದ್ದರೆ ಅದು ದೋಷ ಅಲ್ಲ.

ಗ್ಯಾಸ್ ಗೀಸರ್‌ಗೂ ಇದೆಲ್ಲ ಅನ್ವಯಿಸುತ್ತದಾ?

ಸುಣ್ಣ ಅದರ ತಾಮ್ರದ ಕೊಳವೆಯಲ್ಲೂ ಕೂರುತ್ತದೆ, ನೀರಿನ ಧಾರೆ ಸಣ್ಣಗಾಗುತ್ತದೆ. ಆದರೆ ಅಲ್ಲಿ ಅದಕ್ಕಿಂತ ದೊಡ್ಡ ಅಪಾಯ ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಸಿ ಜನ ಸತ್ತಿದ್ದಾರೆ. ಗೀಸರ್ ಬಚ್ಚಲ ಹೊರಗೆ, ಗಾಳಿ ಆಡುವ ಕಡೆ ಇರಲಿ. ಜ್ವಾಲೆ ನೀಲಿ ಬಿಟ್ಟು ಹಳದಿಯಾದರೆ ಅಂದೇ ಬಳಕೆ ನಿಲ್ಲಿಸಿ.

ಮಳೆ ನೀರು ಹಾಕಿದರೆ ಸುಣ್ಣ ಕಟ್ಟುವುದಿಲ್ಲವಾ?

ಕಟ್ಟುವುದು ಬಹಳ ಕಡಿಮೆ, ಅದರಲ್ಲಿ ಗಡಸು ಇಲ್ಲವೇ ಇಲ್ಲ ಅನ್ನಬಹುದು. 1200 ಚದರ ಅಡಿ ತಾರಸಿಗೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1,000 ಲೀಟರ್ ಹಿಡಿಯಬಹುದು. ಬೆಂಗಳೂರಿನಲ್ಲಿ 2009ರ ಕಾನೂನು ತಿದ್ದುಪಡಿಯಿಂದಲೇ ಮಳೆನೀರು ಕೊಯ್ಲು ದೊಡ್ಡ ನಿವೇಶನಗಳಿಗೆ ಕಡ್ಡಾಯ. ಹೇಗೆ ಮಾಡಿಸುವುದು ಅಂತ ಕಣ್ಣಾರೆ ನೋಡಬೇಕಾದರೆ ಜಯನಗರದಲ್ಲಿ ಜಲಮಂಡಳಿಯ ಮಳೆನೀರು ಕೇಂದ್ರ ಇದೆ. ಮೊದಲ ಮಳೆಯ ಕೊಳೆ ನೀರು ಬಿಟ್ಟು, ಫಿಲ್ಟರ್ ಹಾಕಿ ಸಂಪ್‌ಗೆ ಬಿಟ್ಟರೆ ಬೋರ್ ನೀರಿನ ಗಡಸೂ ಬೆರೆತು ಇಳಿಯುತ್ತದೆ. ನನಗೆ ಸಾಫ್ಟ್‌ನರ್‌ಗಿಂತ ಇದೇ ಇಷ್ಟ.

ಮಗಳು ಲಂಡನ್‌ನಲ್ಲಿದ್ದಾಳೆ. ಅವಳ ಮನೆಯ ರೇಡಿಯೇಟರ್ ಕೆಳಗೆ ತಣ್ಣಗೆ, ಮೇಲೆ ಬಿಸಿ. ಅದೂ ಸುಣ್ಣವಾ?

ಅಲ್ಲ, ಅದು ಬೇರೆ ಕಥೆ. ಅಲ್ಲಿ ಬಾಯ್ಲರ್‌ನಿಂದ ರೇಡಿಯೇಟರ್‌ಗಳಿಗೆ ಒಂದೇ ನೀರು ವರ್ಷಗಟ್ಟಲೆ ಸುತ್ತುತ್ತದೆ. ಹೊಸ ನೀರು ಸೇರದಿದ್ದರೆ ಹೊಸ ಸುಣ್ಣವೂ ಇಲ್ಲ. ಆದರೆ ಉಕ್ಕು ತುಕ್ಕು ಹಿಡಿದು ಮ್ಯಾಗ್ನಟೈಟ್ ಅನ್ನುವ ಕಪ್ಪು ಕೆಸರಾಗಿ ತಳದಲ್ಲಿ ಕೂರುತ್ತದೆ. ಅದಕ್ಕೇ ಕೆಳಭಾಗ ತಣ್ಣಗೆ. ಮೇಲ್ಭಾಗ ತಣ್ಣಗಿದ್ದರೆ ಗಾಳಿ ಸಿಕ್ಕಿಕೊಂಡಿದೆ ಅಂತ. ಗಾಳಿಯನ್ನು ಸಣ್ಣ ಕೀಲಿಯಿಂದ ಅವಳೇ ಬಿಡಬಹುದು. ಕಪ್ಪು ಕೆಸರಿಗೆ ಅಲ್ಲಿನ ಹೀಟಿಂಗ್ ಎಂಜಿನಿಯರ್ ಕರೆಸಿ ಫ್ಲಶ್ ಮಾಡಿಸಿ, ತುಕ್ಕು ತಡೆಯುವ ಇನ್ಹಿಬಿಟರ್ ದ್ರವ ಹಾಕಿಸಬೇಕು, ಮ್ಯಾಗ್ನೆಟಿಕ್ ಫಿಲ್ಟರ್ ಕೂರಿಸಬೇಕು. ಇಲ್ಲಿ ಮ್ಯಾಗ್ನೆಟ್ ನಿಜಕ್ಕೂ ಕೆಲಸ ಮಾಡುತ್ತದೆ, ಯಾಕೆಂದರೆ ಅದು ಹಿಡಿಯುವುದು ಕಬ್ಬಿಣದ ಕಣವನ್ನು. ಪದೇ ಪದೇ ಒತ್ತಡ ಇಳಿದು ಹೊಸ ನೀರು ತುಂಬಿಸಬೇಕಾಗುತ್ತಿದ್ದರೆ ಮೊದಲು ಸೋರಿಕೆ ಹುಡುಕಿಸಲಿ. ಹೊಸ ನೀರಿನ ಜೊತೆ ಬರುವ ಆಮ್ಲಜನಕವೇ ತುಕ್ಕಿಗೆ ಕಾರಣ.

ಅಪಾರ್ಟ್‌ಮೆಂಟ್‌ನಲ್ಲಿ ಸಾಫ್ಟ್‌ನರ್ ಇದೆ, ಆದರೂ ಸುಣ್ಣ ಕಟ್ಟುತ್ತದೆ. ಯಾಕೆ?

ಹೆಚ್ಚಾಗಿ ಪ್ಲಾಂಟ್‌ನಲ್ಲಿ ಉಪ್ಪು ಮುಗಿದಿರುತ್ತದೆ ಅಥವಾ ರೆಸಿನ್ ತೊಳೆಯುವ ಸರದಿ ತಪ್ಪಿರುತ್ತದೆ. ನಿಮ್ಮ ನಲ್ಲಿ ನೀರನ್ನು ಹನಿ ಕಿಟ್‌ನಲ್ಲಿ ನೋಡಿ, ಅಂಕಿ ಬರೆದು ಅಸೋಸಿಯೇಷನ್‌ಗೆ ಕೊಡಿ. ವಾರಕ್ಕೊಮ್ಮೆ ಪ್ಲಾಂಟ್‌ನ ಒಳಗೆ ಹೋಗುವ ನೀರು, ಹೊರಗೆ ಬರುವ ನೀರು ಎರಡರ ಗಡಸೂ ನೋಟಿಸ್ ಬೋರ್ಡ್‌ನಲ್ಲಿ ಹಾಕಲು ಕೇಳಿ.

ಬಾಡಿಗೆ ಮನೆ. ಖರ್ಚು ಯಾರದು?

ಅಗ್ರಿಮೆಂಟ್ ನೋಡಿ. ಏನೂ ಬರೆದಿಲ್ಲದಿದ್ದರೆ ಮನೆಗೆ ಬರುವ ದಿನವೇ ಓನರ್ ಜೊತೆ ಮಾತಾಡಿ. ಗೀಸರ್ ಯಾವ ವರ್ಷದ್ದು, ವಾಲ್ವ್ ಹೇಗಿದೆ ಅಂತ ಫೋಟೋ ತೆಗೆದಿಡಿ. ವಾಲ್ವ್‌ಗೆ ಕ್ಯಾಪ್ ಹಾಕಿದ್ದರೆ ಖರ್ಚು ಯಾರದೇ ಆಗಲಿ, ಸರಿ ಮಾಡಿಸುವವರೆಗೂ ಆ ಗೀಸರ್ ಹಾಕಬೇಡಿ.

ಯಾವಾಗ ರಿಪೇರಿ ಬಿಟ್ಟು ಹೊಸದು ತೆಗೆದುಕೊಳ್ಳಬೇಕು?

ಕಾಯಿಲ್, ಥರ್ಮೋಸ್ಟಾಟ್, ಗ್ಯಾಸ್ಕೆಟ್, ಆನೋಡ್, ವಾಲ್ವ್ ಕೆಟ್ಟರೆ ಬದಲಿಸಿ, ಗೀಸರ್ ಎಸೆಯಬೇಡಿ. ಒಳಟ್ಯಾಂಕ್ ತೂತಾದರೆ ಮಾತ್ರ ಮುಗಿಯಿತು. ಹೊರಕವಚದ ಸಂದಿಯಿಂದ ನೀರು ಜಿನುಗುತ್ತಿದ್ದರೆ, ಪೈಪ್ ಜಾಯಿಂಟ್‌ಗಳು, ಗ್ಯಾಸ್ಕೆಟ್ ಎಲ್ಲ ಒಣಗಿದ್ದೂ ಒಳಗಿನ ಹತ್ತಿ, ಫೋಮ್ ಒದ್ದೆಯಾಗಿದ್ದರೆ, ಅದು ಟ್ಯಾಂಕ್‌ನದೇ ಸೋರಿಕೆ. ಅದಕ್ಕೆ ಬೆಸುಗೆ ಹಾಕಿಸುವುದು ಬೇಡ, ಹತ್ತಿರದಲ್ಲೇ ಇನ್ನೊಂದು ಕಡೆ ಬಿಟ್ಟುಕೊಳ್ಳುತ್ತದೆ. ಎಂಸಿಬಿ ಕೆಳಗೆ ಹಾಕಿ, ನೀರು ಮುಚ್ಚಿ, ಹೊಸದು ನೋಡಿ. ಕೊಳ್ಳುವಾಗ ಅಂಗಡಿಯವರನ್ನು ಎರಡು ವಿಷಯ ಕೇಳಿ: ಗಡಸು ನೀರಿಗೆ ಟ್ಯಾಂಕ್ ವಾರಂಟಿ ಅನ್ವಯಿಸುತ್ತದಾ, ಈ ಮಾಡೆಲ್‌ನ ಆನೋಡ್ ಬಿಡಿಯಾಗಿ ಸಿಗುತ್ತದಾ. ಕೆಲವು ವಾರಂಟಿ ಕಾರ್ಡ್‌ಗಳಲ್ಲಿ ನೀರಿನ ಗಡಸಿಗೆ ಮಿತಿ ಬರೆದಿರುತ್ತಾರೆ. ಹನಿ ಕಿಟ್‌ನಲ್ಲಿ ಬಂದ ಅಂಕಿಯನ್ನು ಅದರ ಪಕ್ಕ ಇಟ್ಟು ನೋಡಿ, ಆಮೇಲೆ ದುಡ್ಡು ಕೊಡಿ.